ರಾಜಹಂಸ ನೋಡಲು ಹೋಗಿ ಬಾಯ್ಕಳಕ ನೋಡಿ ಬಂದೆವು

ಚೆನ್ನೈನಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ಪುಲಿಕಾಟ್ ಸರೋವರದ ರಾಜಹಂಸಗಳನ್ನು (ಫ್ಲೆಮಿಂಗೊ) ನೋಡಬೇಕು ಅಂತ ಮಾತಾಡಿಕೊಳ್ಳುತ್ತಿದ್ದೆವು, ಹೋಗುತ್ತಿರಲಿಲ್ಲ. ಈ ಸಲ ಸಂಕ್ರಾಂತಿ ಮುಗಿದ ಮೇಲೆ ಅಕ್ಕನ ಮಗನನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ, ಆಂಧ್ರದ ಸೂಳ್ಳೂರುಪೇಟದ ಲೋಕಲ್ ರೈಲು ಹತ್ತಿಬಿಟ್ಟೆ. ಹುಡುಗ ದಾರಿಯುದ್ದಕ್ಕೂ ನಿದ್ದೆ.

ಆಟೋದವನು ಸರೋವರಕ್ಕೆ ಸುತರಾಂ ಒಪ್ಪಲಿಲ್ಲ. ಬಿಸಿಲೇರುವ ಮೊದಲು ನೇಲಪಟ್ಟು, ಆಮೇಲೆ ಬೇರೆ ಎಲ್ಲ ಅಂದ. ನನ್ನ ಅರೆಬರೆ ತೆಲುಗಿನಲ್ಲಿ ವಾದ ಮಾಡುವಷ್ಟು ಧೈರ್ಯ ಇರಲಿಲ್ಲ. ಸುಮ್ನೆ ಕೂತೆ. ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 20 ಕಿ.ಮೀ. ದಾರಿ.

ನೇಲಪಟ್ಟು ಅಂದರೆ ದೊಡ್ಡ ಕಾಡೇನೂ ಅಲ್ಲ. ಒಂದು ಕೆರೆ, ಸುತ್ತ ಕುರುಚಲು. 1976ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರು. ಹಿಂಗಾರು ಮಳೆಗೆ ಕೆರೆ ತುಂಬಿದರೆ ಅದರೊಳಗಿನ ಬ್ಯಾರಿಂಗ್ಟೋನಿಯಾ ಮರಗಳು ಸೊಂಟದವರೆಗೂ ನೀರಲ್ಲಿ ನಿಲ್ಲುತ್ತವೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆ ಮರಗಳೇ ಹಕ್ಕಿಗಳ ಬಾಣಂತಿಕೋಣೆ. ಸುತ್ತ ನೀರಿದ್ದರೆ ಬೆಕ್ಕು, ನರಿಗಳ ಕಾಟ ಕಮ್ಮಿ, ಅಲ್ವಾ?

ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಂತು. ಹಸಿ ಮೀನು, ಹಿಕ್ಕೆ, ಕೊಳೆತ ಎಲೆ ಎಲ್ಲ ಸೇರಿದ ಘಾಟು. ಏರಿ ಮೇಲೆ ನಿಂತರೆ ಮರದ ತುಂಬಾ ಹೆಜ್ಜಾರ್ಲೆ, ಅಂದರೆ ಪೆಲಿಕನ್. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಜಾತಿಯೇ. ಅಲ್ಲಿ ಊರಿನ ಹುಣಸೆಮರದಲ್ಲಿ, ಹಂಚಿನ ಮಾಡಿನ ಪಕ್ಕದಲ್ಲಿ ಗೂಡು. ಇಲ್ಲಿ ನೀರ ನಡುವೆ. ಒಂದು ಮರಿ ತಾಯಿಯ ಗಂಟಲ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ಹುಡುಕುತ್ತಿತ್ತು. ತಾಯಿ ಉಸಿರಾಡುವುದು ಹೇಗೋ ಅನ್ನಿಸಿತು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಪಕ್ಕದ ಮರದಲ್ಲೊಂದು ಬೂದುಬಿಳಿ ಕೊಕ್ಕರೆ. ಬಾಯಿ ಮುಚ್ಚಿದ್ದರೂ ಕೊಕ್ಕಿನ ನಡುವೆ ಕಿಂಡಿ.

‘ಮಾಮ, ಅದರ ಕೊಕ್ಕು ಮುರಿದಿದ್ಯಾ?’

ಅಲ್ಲೇ ಇದ್ದ ಕಾವಲುಗಾರರು ನಕ್ಕು, ‘ನತ್ತಗುಲ್ಲ ಕೊಂಗ’ ಅಂದರು. ಬಸವನಹುಳು ತಿನ್ನುವ ಕೊಕ್ಕರೆ ಅಂತ. ನಾವು ಬಾಯ್ಕಳಕ ಅನ್ನುತ್ತೇವೆ. ತೆಲುಗಿನವರು ಅದರ ಊಟ ನೋಡಿ ಹೆಸರಿಟ್ಟರು, ನಾವು ಬಾಯಿ ನೋಡಿ. ಕೊಕ್ಕಿನ ಚೂಪು ತುದಿಯನ್ನು ಹುಳುವಿನ ಚಿಪ್ಪಿನೊಳಗೆ ತೂರಿಸಿ ಮಾಂಸ ಎಳೆಯುತ್ತದೆ. ಸಾಮಾನ್ಯವಾಗಿ ಚಿಪ್ಪು ಒಡೆಯುವುದಿಲ್ಲ.

ಬೈನಾಕ್ಯುಲರ್ ಗೂಡಿನ ಕಡೆ ತಿರುಗಿಸಿದ ಹುಡುಗ ಮತ್ತೆ ಕೂಗಿದ: ‘ಮರಿಗಳಿಗೆ ಕಿಂಡಿನೇ ಇಲ್ಲ!’ ಹೌದು, ಮೂರೂ ಮರಿಗಳ ಕೊಕ್ಕು ನೇರ, ಸಂದಿಲ್ಲದೆ ಮುಚ್ಚಿತ್ತು. ಬೆಳೆಯುತ್ತಾ ಬೆಳೆಯುತ್ತಾ ಕಿಂಡಿ ಬೀಳುತ್ತದಂತೆ. ಇಷ್ಟು ವರ್ಷ ಹಕ್ಕಿ ನೋಡಿಯೂ ನಾನು ಇದನ್ನು ಗಮನಿಸಿರಲಿಲ್ಲ. ಬಿಸಿಲು ಚುರುಕಾದಾಗ ತಾಯಿ ಎದ್ದು, ಮರಿಗಳ ಮೇಲೆ ರೆಕ್ಕೆ ಅಗಲಿಸಿ ಕೊಡೆ ಹಿಡಿದಂತೆ ನಿಂತಿತು. ಅದರ ಕಾಲಿಗೆ ಸುಣ್ಣ ಬಳಿದ ಹಾಗಿತ್ತು. ಸೆಕೆಗೆ ತನ್ನ ಕಾಲ ಮೇಲೇ ಹಿಕ್ಕೆ ಹಾಕಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ. ಹುಡುಗನಿಗೆ ಇದೇ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು.

ಈ ಹಿಕ್ಕೆ ಬೆರೆತ ಕೆರೆನೀರು ಗದ್ದೆಗೆ ಒಳ್ಳೆ ಗೊಬ್ಬರ ಅಂತ ಸುತ್ತಲ ಊರಿನವರಿಗೆ ಹಕ್ಕಿಗಳ ಮೇಲೆ ಮಮತೆ. ಕಾವಲುಗಾರರು ಇದನ್ನು ಹೇಳುತ್ತಿರುವಾಗಲೇ ನನ್ನ ಹೆಗಲ ಮೇಲೆ ಬೆಚ್ಚಗೆ ಏನೋ ಬಿತ್ತು. ನೀರುಕಾಗೆಯದು. ಕರ್ಚೀಫಿನಲ್ಲಿ ಒರೆಸಿದಷ್ಟೂ ಹರಡಿತು.

ಮಧ್ಯಾಹ್ನ ಶ್ರೀಹರಿಕೋಟಾ ರಸ್ತೆಗೆ ಹೋದೆವು. ಸರೋವರವನ್ನು ಸೀಳಿಕೊಂಡು ಹೋಗುವ ರಸ್ತೆ ಅದು, ಎರಡೂ ಕಡೆ ಉಪ್ಪುನೀರು. ರಾಜಹಂಸಗಳು ಇದ್ದವು, ಆದರೆ ಬಹಳ ದೂರ. ಬಿಸಿಲ ಝಳದಲ್ಲಿ ನಡುಗುವ ಒಂದು ಗುಲಾಬಿ ಗೆರೆ ಅಷ್ಟೇ. ಹುಡುಗ ಎರಡು ನಿಮಿಷ ನೋಡಿ ಬೈನಾಕ್ಯುಲರ್ ವಾಪಸ್ ಕೊಟ್ಟ. ರಸ್ತೆ ಅಂಚಿನ ಕೆಸರಲ್ಲಿ ಬಸವನಹುಳು ಹುಡುಕಲು ಇಳಿದ.

ರಾತ್ರಿ ಮನೆ ತಲುಪಿದಾಗ ಅಕ್ಕ ಬಾಗಿಲು ಪೂರ್ತಿ ತೆಗೆಯಲಿಲ್ಲ. ‘ಆ ಅಂಗಿ ಹೊರಗೇ ಬಿಚ್ಚೋ’ ಅಂದಳು.