40,752 – 40,751: ನಮ್ಮ ಸಂತೇಮರಹಳ್ಳಿ ಕ್ಷೇತ್ರ

ಚುನಾವಣೆ ಹತ್ತಿರ ಬಂತು ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಓಡಾಡೋಕೆ ಶುರುವಾಗುತ್ತದೆ. ಒಂದು ವೋಟಿನಿಂದ ಏನಾಗುತ್ತೆ ಅಂತ ಮನೆಯಲ್ಲಿ ಕೂರಬೇಡಿ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಬ್ಬರು ಒಂದೇ ಒಂದು ಮತದಿಂದ ಸೋತಿದ್ದರು, ಅವರ ಕಾರಿನ ಡ್ರೈವರ್ ವೋಟು ಹಾಕಿರಲಿಲ್ಲ ಅಂತ. ಇಷ್ಟೇ ಇರುತ್ತದೆ. ಕೆಳಗೆ ಒಂದು ಬೆರಳಿನ ಚಿತ್ರ, ಶಾಯಿ ಗುರುತು.

ನಾನು ಅದೇ ಸೀಮೆಯವನು. ಆ ಮೆಸೇಜ್ ನೋಡಿದಾಗಲೆಲ್ಲ ಮನಸ್ಸಿಗೆ ಒಂಥರಾ ಆಗುತ್ತದೆ. ಸಂಗತಿ ಸುಳ್ಳಲ್ಲ. ಆದರೆ ಆ ಊರು ಎಲ್ಲಿದೆ, ಗೆದ್ದವರು ಯಾರು, ಸೋತವರು ಯಾರು, ಆಮೇಲೆ ಅವರಿಬ್ಬರ ಕಥೆ ಏನಾಯಿತು, ಯಾವುದೂ ಅದರಲ್ಲಿ ಇರುವುದಿಲ್ಲ. ಆ ಹೆಸರಿನ ಕ್ಷೇತ್ರವೇ ಈಗ ಇಲ್ಲ ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಹಳ ದಿನದಿಂದ ಇದನ್ನು ಪೂರ್ತಿ ಬರೆಯಬೇಕು ಅಂತಿತ್ತು.

ಸಂತೇಮರಹಳ್ಳಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ. ಚಾಮರಾಜನಗರ, ಟಿ. ನರಸೀಪುರ, ಯಳಂದೂರು ಮೂರೂ ಕಡೆಯ ಬಸ್ಸು ಅಲ್ಲಿ ಸಿಗುತ್ತವೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಎಷ್ಟೋ ಜನ ಗೊತ್ತಿಲ್ಲದೇನೇ ನಮ್ಮೂರ ಸರ್ಕಲ್ ದಾಟಿ ಹೋಗಿರುತ್ತಾರೆ. ವಿಧಾನಸಭೆ ಲೆಕ್ಕದಲ್ಲಿ ಇದು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. ಇಲ್ಲಿ ರಾಜಕೀಯ ಅಂದರೆ ಮೊದಲು ಬರುವ ಹೆಸರು ಬಿ. ರಾಚಯ್ಯ ಅವರದು. ಆಲೂರಿನವರು. ರಾಜ್ಯದಲ್ಲಿ ಮಂತ್ರಿಯಾಗಿದ್ದರು, ಲೋಕಸಭೆಗೆ ಹೋಗಿದ್ದರು, ಕೊನೆಗೆ ಕೇರಳದ ರಾಜ್ಯಪಾಲರೂ ಆದರು. ಹಳ್ಳಿಯಿಂದ ಬಂದ ಒಬ್ಬ ದಲಿತ ನಾಯಕ ಅಷ್ಟು ಎತ್ತರಕ್ಕೆ ಹೋಗಿದ್ದು ನಮ್ಮ ಹಿರಿಯರಿಗೆ ಎಷ್ಟು ದೊಡ್ಡ ವಿಷಯ ಆಗಿತ್ತು ಅನ್ನುವುದನ್ನು ಅವರ ಬಾಯಲ್ಲೇ ಕೇಳಬೇಕು. ನಮ್ಮ ಅಜ್ಜಿ ಅವರ ಹೆಸರು ಹೇಳುವಾಗ ತಲೆ ಮೇಲಿನ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

ಅವರ ಮಗ ಎ.ಆರ್. ಕೃಷ್ಣಮೂರ್ತಿ. 2004ರಲ್ಲಿ ಜೆಡಿಎಸ್ ಅಭ್ಯರ್ಥಿ. ಎದುರಿಗೆ ಕಾಂಗ್ರೆಸ್‌ನಿಂದ ಆರ್. ಧ್ರುವನಾರಾಯಣ. ಇವರೂ ಇದೇ ಮಣ್ಣಿನವರು, ಹೆಗ್ಗವಾಡಿಯವರು, ಕೃಷಿ ವಿಜ್ಞಾನ ಓದಿದವರು. ಒಂದು ಕಡೆ ದೊಡ್ಡ ಮನೆತನದ ಹೆಸರು, ಇನ್ನೊಂದು ಕಡೆ ಮನೆಮನೆಗೆ ಬಂದು ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವ ಹೊಸ ಮುಖ. ನಮ್ಮ ಬೀದಿಯಲ್ಲೇ ಎರಡು ಪಾಳಯ ಆಗಿತ್ತು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಕಡೆ.

ನಾನು ಆಗ ಹೈಸ್ಕೂಲು. ವೋಟು ಹಾಕುವ ವಯಸ್ಸಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ಅಪ್ಪ ಮೈಸೂರಿನ ಕೆಲಸ ಬಿಟ್ಟು ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದಿದ್ದು, ವೋಟು ಹಾಕಿ ಅವತ್ತೇ ಸಂಜೆ ವಾಪಸ್ ಹೋಗಿದ್ದು ಚೆನ್ನಾಗಿ ನೆನಪಿದೆ. ಯಾರಿಗೆ ಹಾಕಿದೆ ಅಂತ ಅಪ್ಪ ಇವತ್ತಿಗೂ ಹೇಳಿಲ್ಲ.

ಫಲಿತಾಂಶ ಬಂತು. ಧ್ರುವನಾರಾಯಣ 40,752. ಕೃಷ್ಣಮೂರ್ತಿ 40,751.

ಆ ಸುದ್ದಿ ಊರಿಗೆ ಬಂದಾಗ ಮೊದಲು ಯಾರೂ ನಂಬಲಿಲ್ಲ. ಒಂದು ಸಾವಿರ ಅಂದಿದ್ದನ್ನು ಯಾರೋ ತಪ್ಪಾಗಿ ಕೇಳಿಸಿಕೊಂಡಿದ್ದಾರೆ ಅಂದುಕೊಂಡರು. ಒಂದೇ ಮತ ಅಂತ ಖಚಿತ ಆದಮೇಲೆ ನೋಡಿ, ಟೀ ಅಂಗಡಿಯಲ್ಲಿ ಗೆದ್ದ ಕಡೆಯವರೆಲ್ಲ “ಆ ವೋಟು ನಂದೇ ಕಣಪ್ಪಾ” ಅನ್ನೋರು. ಮಳವಳ್ಳಿಯಿಂದ ಬಂದು ಹಾಕಿದವರು, ಜ್ವರ ಇದ್ದರೂ ಮೊಮ್ಮಗನ ಹೆಗಲು ಹಿಡಿದು ಬಂದು ಹಾಕಿದ ಮುದುಕಿ, ಮದುವೆ ಊಟ ಬಿಟ್ಟು ಓಡಿ ಬಂದವರು. ಪ್ರತಿಯೊಬ್ಬರೂ ಹೇಳಿದ್ದು ನಿಜವೇ ಅಲ್ವಾ. 40,752 ಜನರಲ್ಲಿ ಯಾರೊಬ್ಬರು ಬರದೇ ಇದ್ದಿದ್ದರೂ ಆ ಗೆಲುವು ಖಾತ್ರಿ ಇರುತ್ತಿರಲಿಲ್ಲ. ಅಷ್ಟೂ ಜನ ಎದೆ ಮುಟ್ಟಿಕೊಂಡು ನಾನೇ ಗೆಲ್ಲಿಸಿದ್ದು ಅಂತ ಹೇಳಬಹುದಾಗಿದ್ದ ಚುನಾವಣೆ ನಮ್ಮದು.

ಸೋತ ಕಡೆ ಬೇರೆಯೇ ಮಾತು ಶುರುವಾಯಿತು. ಡ್ರೈವರ್ ವಿಷಯ ಹುಟ್ಟಿದ್ದು ಹಾಗೆ. ಮತದಾನದ ದಿನ ಓಡಾಟ ಜಾಸ್ತಿ ಇತ್ತು, ಅಭ್ಯರ್ಥಿಯ ಕಾರು ಓಡಿಸುವವನಿಗೆ ತನ್ನ ಬೂತಿಗೆ ಹೋಗಿ ಬರೋಕೆ ಬಿಡುವೇ ಸಿಗಲಿಲ್ಲ ಅಂತ ಜನ ಹೇಳುತ್ತಾರೆ. ಇದ್ದರೂ ಇರಬಹುದು. ನನಗೆ ಬೇಸರ ಇರುವುದು ಬೇರೆ ಕಡೆ. ಇಡೀ ಸೋಲನ್ನು ತಂದು ಆ ಒಬ್ಬ ಬಡವನ ತಲೆಗೆ ಕಟ್ಟಿಬಿಟ್ಟಿದ್ದೇವೆ. ಅವತ್ತು ಕ್ಷೇತ್ರದಲ್ಲಿ ಮನೆಯಲ್ಲೇ ಉಳಿದವರು ಸಾವಿರಾರು ಜನ. ಬೆಂಗಳೂರಿಗೆ ಕೂಲಿಗೆ ಹೋಗಿ ಬರಲಾಗದವರು, ಪಟ್ಟಿಯಲ್ಲಿ ಹೆಸರು ಸಿಗದೆ ವಾಪಸ್ ಹೋದವರು, ಸುಮ್ನೆ ಹೋಗದವರು. ಅವರನ್ನೆಲ್ಲ ಬಿಟ್ಟು ಬೆಳಗ್ಗಿಂದ ಸಂಜೆವರೆಗೆ ಸ್ಟೀರಿಂಗ್ ಹಿಡಿದು ಕೂತಿದ್ದವನನ್ನೇ ಯಾಕೆ ಎಳೆಯಬೇಕು?

ಇನ್ನೊಂದು ಲೆಕ್ಕ ಇದೆ. ಇದನ್ನು ನನಗೆ ಮೊದಲು ತೋರಿಸಿಕೊಟ್ಟಿದ್ದು ಅಪ್ಪ. “ಡ್ರೈವರ್ ಹಾಕಿದ್ರೂ ಗೆಲ್ತಿರಲಿಲ್ಲ ಕಣೋ, ಸಮ ಆಗ್ತಿತ್ತು. ಗೆಲ್ಲೋಕೆ ಎರಡು ಬೇಕಿತ್ತು” ಅಂದಿದ್ದರು. ಹೌದಲ್ವಾ! 40,751ಕ್ಕೆ ಒಂದು ಸೇರಿಸಿದರೆ 40,752. ಇಬ್ಬರಿಗೂ ಅಷ್ಟೇ. ಹಾಗೆ ಸಮ ಬಂದರೆ ಏನು ಮಾಡಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಚುನಾವಣಾಧಿಕಾರಿ ಅಲ್ಲೇ, ಆಗಲೇ ಚೀಟಿ ಎತ್ತಬೇಕು. ಚೀಟಿ ಯಾರ ಕಡೆ ಬೀಳುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂದಿದೆ ಅಂತ ಲೆಕ್ಕ ಹಿಡಿದು ಗೆದ್ದರು ಅಂತ ಘೋಷಿಸಬೇಕು. ಅಂದರೆ ಡ್ರೈವರ್ ಬಂದು ಗುಂಡಿ ಒತ್ತಿದ್ದರೂ ಗೆಲುವಿನ ಅಂತರ ಒಂದೇ ಆಗಿರುತ್ತಿತ್ತು. ಆದರೆ ಆ ಒಂದನ್ನು ಹಾಕುತ್ತಿದ್ದದ್ದು ಮನುಷ್ಯ ಅಲ್ಲ, ಚೀಟಿ.

ಮೊದಲಾಗಿದ್ದರೆ ಸೋತವರಿಗೆ ಹಿಡಿದು ವಾದ ಮಾಡೋಕೆ ಏನಾದರೂ ಇರುತ್ತಿತ್ತು. ಬ್ಯಾಲೆಟ್ ಪೇಪರ್ ಕಾಲದಲ್ಲಿ ಮುದ್ರೆ ಎರಡು ಗುರುತಿನ ನಡುವೆ ಬಿದ್ದಿದೆ, ಮಡಚಿದಾಗ ಶಾಯಿ ಆ ಕಡೆ ಅಂಟಿದೆ ಅಂತ ಒಂದೊಂದು ಕಾಗದಕ್ಕೂ ಜಗಳ ನಡೆಯುತ್ತಿತ್ತು. 2004ರ ಹೊತ್ತಿಗೆ ಮೆಷಿನ್ ಬಂದಿತ್ತು. ವೋಟು ಯಾರಿಗೆ ಬಿತ್ತು ಅಂತ ಅಚ್ಚು ಹಾಕಿ ತೋರಿಸುವ ವಿವಿಪ್ಯಾಟ್ ಚೀಟಿ ಆಗ ಇರಲಿಲ್ಲ. ಮೆಷಿನ್ ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ತೋರಿಸುತ್ತದೆ.

ದೇಶದಲ್ಲಿ ಇನ್ನೊಂದು ಕಡೆಯೂ ಹೀಗೆ ಆಗಿದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ 62,215 ಮತ ಪಡೆದು, 62,216 ಪಡೆದ ಕಲ್ಯಾಣ್ ಸಿಂಗ್ ಚೌಹಾಣ್ ಎದುರು ಸೋತರು. ನಮ್ಮದು ಅದಕ್ಕಿಂತ ನಾಲ್ಕು ವರ್ಷ ಮೊದಲು. ನಮ್ಮ ರಾಜ್ಯದಲ್ಲಿ 2023ರಲ್ಲಿ ಜಯನಗರ 16 ಮತಕ್ಕೆ ನಿಂತಾಗ ಬೆಂಗಳೂರಿನ ಗೆಳೆಯರೆಲ್ಲ ಅದೇ ಮಾತಾಡುತ್ತಿದ್ದರು. ನಾನು ಅವರಿಗೆ ಸಂತೇಮರಹಳ್ಳಿ ಅಂದೆ. ಅದು ಎಲ್ಲಿದೆ ಅಂತ ಕೇಳಿದರು.

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್, ಜೆಡಿಎಸ್ ಸೇರಿ ಧರಂ ಸಿಂಗ್ ಮುಖ್ಯಮಂತ್ರಿ ಆದರು. ಇಲ್ಲಿ ಒಂದು ಮತಕ್ಕೆ ಹೊಡೆದಾಡಿದ ಎರಡು ಪಕ್ಷಗಳೇ ಅಲ್ಲಿ ಒಟ್ಟಿಗೆ ಕೂತವು. ನಮ್ಮ ಬೀದಿಯಲ್ಲಿ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಮಾತಾಡೋಕೆ ಇನ್ನೂ ಒಂದು ವರ್ಷ ಹಿಡಿಯಿತು.

ಆಮೇಲೆ ಕ್ಷೇತ್ರವೇ ಹೋಯಿತು. 2001ರ ಜನಗಣತಿ ಇಟ್ಟುಕೊಂಡು ಗಡಿಗಳನ್ನು ಹೊಸದಾಗಿ ಎಳೆದರಲ್ಲ, ಆ ಲೆಕ್ಕದಲ್ಲಿ ಮೊದಲು ಚುನಾವಣೆ ನಡೆದಿದ್ದು 2008ರಲ್ಲಿ ನಮ್ಮ ರಾಜ್ಯದಲ್ಲೇ. ಬೆಂಗಳೂರಿಗೆ 28 ಕ್ಷೇತ್ರ ಆಯಿತು. ಒಟ್ಟು 224 ಹಾಗೇ ಇರಬೇಕಾದರೆ ಅಲ್ಲಿ ಹೆಚ್ಚಾದದ್ದು ಇನ್ನೆಲ್ಲೋ ಕಡಿಮೆ ಆಗಲೇಬೇಕು. ಸಾತನೂರು, ಬನ್ನೂರು, ಕಿರುಗಾವಲು ಹೋದವು, ಜೊತೆಗೆ ಸಂತೇಮರಹಳ್ಳಿ. ಚಾಮರಾಜನಗರ ಜಿಲ್ಲೆಗೆ ಈಗ ಉಳಿದಿರುವುದು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ನಾಲ್ಕೇ. ಜನ ಕಡಿಮೆ ಇದ್ದರೆ ಕ್ಷೇತ್ರ ಕಡಿಮೆ ಅನ್ನುವುದು ನ್ಯಾಯವೇ ಇರಬಹುದು. ಆದರೆ ದುಡಿಯೋಕೆ ಅಂತ ನಮ್ಮ ಜನ ಬೆಂಗಳೂರಿಗೆ ಹೋದರು, ಅವರ ಹಿಂದೆಯೇ ನಮ್ಮ ಎಂಎಲ್ಎ ಸ್ಥಾನವೂ ಹೋಯಿತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾವು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದೆವು. ಯಳಂದೂರೂ ಅದರಲ್ಲೇ. ಇದು ಸಹ ಮೀಸಲು ಕ್ಷೇತ್ರ. ಕೊಳ್ಳೇಗಾಲದ್ದು ಬೇರೆಯೇ ಹಿನ್ನೆಲೆ. 1956ರ ನವೆಂಬರ್ 1ರವರೆಗೂ ಆ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1952ರ ಮೊದಲ ಚುನಾವಣೆಯಲ್ಲಿ ಅಲ್ಲಿಯವರು ವೋಟು ಹಾಕಿದ್ದು ಮದ್ರಾಸ್ ವಿಧಾನಸಭೆಗೆ, ಪಕ್ಕದ ನಾವು ಹಾಕಿದ್ದು ಮೈಸೂರು ವಿಧಾನಸಭೆಗೆ. ಯಳಂದೂರು ಅದಕ್ಕೂ ಹಿಂದೆ ದಿವಾನ್ ಪೂರ್ಣಯ್ಯನವರ ಜಹಗೀರು. ಮೂರು ದಾರಿಯಿಂದ ಬಂದ ಊರುಗಳನ್ನು ಒಂದು ಗೆರೆಯೊಳಗೆ ಸೇರಿಸಿದರು.

2008ರಲ್ಲಿ ಹೊಸ ಕೊಳ್ಳೇಗಾಲದಿಂದ ಗೆದ್ದವರು ಅದೇ ಧ್ರುವನಾರಾಯಣ. ಮಾರನೇ ವರ್ಷ ಅವರು ಲೋಕಸಭೆಗೆ ನಿಂತರು. ಎದುರಾಳಿ ಯಾರು ಗೊತ್ತಾ? ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಅಂತರ ಸುಮಾರು 4 ಸಾವಿರ, ಗೆದ್ದವರು ಮತ್ತೆ ಧ್ರುವನಾರಾಯಣ. ಒಂದು ಲೋಕಸಭಾ ಕ್ಷೇತ್ರಕ್ಕೆ 4 ಸಾವಿರ ಅಂದರೆ ಅದೂ ಒಂದು ಕೂದಲೆಳೆ. 2014ರಲ್ಲಿ ಮತ್ತೆ ಅದೇ ಇಬ್ಬರು. ಆ ಸಲ ದೇಶದಲ್ಲೆಲ್ಲ ಬಿಜೆಪಿ ಅಲೆ, ಇಲ್ಲಿ ಮಾತ್ರ ಧ್ರುವನಾರಾಯಣ 1,41,182 ಮತಗಳ ಅಂತರದಲ್ಲಿ ಗೆದ್ದರು. ಒಂದರಿಂದ ಶುರುವಾಗಿದ್ದು ಹತ್ತು ವರ್ಷದಲ್ಲಿ ಅಲ್ಲಿಗೆ ಬಂತು. ಕೆಲಸ ಮಾಡುವ ಎಂಪಿ ಅಂತ ಅವರಿಗೆ ಹೆಸರಿತ್ತು, ಬೇರೆ ಪಕ್ಷದವರೂ ಅದನ್ನು ಒಪ್ಪುತ್ತಿದ್ದರು.

ಕೊಳ್ಳೇಗಾಲದ ಕಡೆ 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ, 2013ರಲ್ಲಿ ಕಾಂಗ್ರೆಸ್‌ನ ಎಸ್. ಜಯಣ್ಣ. 2018ರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆಎಎಸ್ ಅಧಿಕಾರಿ ಕೆಲಸ ಬಿಟ್ಟು ಬಂದಿದ್ದ ಎನ್. ಮಹೇಶ್, ಸೋತರೂ ಬಿಡದೆ ಊರೂರು ಸುತ್ತಿ, ಕೊನೆಗೆ ಬಿಎಸ್‌ಪಿಯ ಆನೆ ಗುರುತಿನಲ್ಲಿ ಗೆದ್ದರು. ಆ ಸಲ ರಾಜ್ಯದಲ್ಲಿ ಬಿಎಸ್‌ಪಿಗೆ ಬಂದಿದ್ದು ಅದೊಂದೇ ಸ್ಥಾನ. ಕುಮಾರಸ್ವಾಮಿ ಸರ್ಕಾರದಲ್ಲಿ ಶಿಕ್ಷಣ ಮಂತ್ರಿ ಆದರು. ನಮ್ಮ ಕಡೆ ಹುಡುಗರು ನೀಲಿ ಬಾವುಟ ಹಿಡಿದು ಕುಣಿದ ಆ ರಾತ್ರಿ ಮರೆಯೋಕಾಗಲ್ಲ. ಕೆಲವೇ ತಿಂಗಳಿಗೆ ಮಂತ್ರಿ ಸ್ಥಾನ ಬಿಟ್ಟರು, 2019ರಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲ ಅಂತ ಪಕ್ಷ ಹೊರಗೆ ಹಾಕಿತು, 2021ರಲ್ಲಿ ಬಿಜೆಪಿ ಸೇರಿದರು. ಅವರ ಕಾರಣ ಅವರಿಗಿರಬಹುದು. ಆವತ್ತು ಕುಣಿದವರ ಮುಖ ನೋಡಿದವನಾಗಿ ನನಗೆ ಅದು ನೋವಿನ ವಿಷಯವೇ.

2018ರಲ್ಲಿ ಮಹೇಶ್ ಎದುರು 19 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತವರು ಕೃಷ್ಣಮೂರ್ತಿ. ಅಷ್ಟು ಹೊತ್ತಿಗೆ ಅವರು ಕಾಂಗ್ರೆಸ್‌ನಲ್ಲಿದ್ದರು. ಅಂದರೆ ಧ್ರುವನಾರಾಯಣ ಅವರ ಪಕ್ಷದಲ್ಲೇ. ಹಳೇ ಎದುರಾಳಿಗಳು ಒಂದೇ ವೇದಿಕೆ ಮೇಲೆ ಕೂತಿದ್ದನ್ನು ನೋಡಿ ನಮ್ಮ ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟಿದ್ದರು. 2019ರ ಲೋಕಸಭೆ ಚುನಾವಣೆಯಲ್ಲಿ ಧ್ರುವನಾರಾಯಣ ಅವರಿಗೂ ಅಂಚಿನ ಸೋಲು ಬಂತು. ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತ.

2023ರ ವಿಧಾನಸಭೆಗೆ ಅವರು ನಂಜನಗೂಡಿನಿಂದ ನಿಲ್ಲುವ ತಯಾರಿಯಲ್ಲಿದ್ದರು. ಮಾರ್ಚ್ 11ರ ಬೆಳಗ್ಗೆ ಮೈಸೂರಿನಲ್ಲಿ ಹೃದಯಾಘಾತ. ಹೋಗಿಬಿಟ್ಟರು. ಅವತ್ತು ಅಪ್ಪ ಫೋನ್ ಮಾಡಿ ಏನೂ ಹೇಳಲಾಗದೆ ಅವ್ವನ ಕೈಗೆ ಕೊಟ್ಟರು. ಹೆಗ್ಗವಾಡಿಯಲ್ಲಿ ಮಣ್ಣು ಮಾಡುವಾಗ ಸೇರಿದ್ದ ಜನದಲ್ಲಿ 2004ರಲ್ಲಿ ಅವರಿಗೆ ವೋಟು ಹಾಕದ ಎಷ್ಟೋ ಜನ ಇದ್ದರು.

ಎರಡು ತಿಂಗಳ ನಂತರ ಫಲಿತಾಂಶ. ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿ, ಮಹೇಶ್ ಎದುರು 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಂಜನಗೂಡಿನಲ್ಲಿ ಧ್ರುವನಾರಾಯಣ ಅವರ ಮಗ ದರ್ಶನ್, ಅದೇ ಶ್ರೀನಿವಾಸ ಪ್ರಸಾದ್ ಅವರ ಅಳಿಯ ಬಿ. ಹರ್ಷವರ್ಧನ್ ಅವರನ್ನು ಸೋಲಿಸಿದರು. ರಾಚಯ್ಯನವರ ಮಗ, ಧ್ರುವನಾರಾಯಣ ಅವರ ಮಗ, ಒಂದೇ ದಿನ ಗೆದ್ದು ಒಂದೇ ಪಕ್ಷದಿಂದ ವಿಧಾನಸಭೆಗೆ ಹೋದರು.