“ಎಲ್ಲಾ ಕಂಪ್ಯೂಟರ್ ಮಾಡತೈತಲ್ಲ, ನೀ ಏನ್ ಮಾಡ್ತಿ?”

ಪುಣೆಯ ಕೋಥರೂಡಿನ ನಮ್ಮ ಮನೆಗೆ ಬಂದವರು ಮೇಜಿನ ಮೇಲಿರುವ ಭೀಮಸೇನ ಜೋಶಿಯವರ ಪುಟ್ಟ ಪ್ರತಿಮೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಎದೆಯವರೆಗಿನ ಪ್ರತಿಮೆ, ಎತ್ತರ 12 ಸೆಂಟಿಮೀಟರ್. ಕಂಪ್ಯೂಟರಿನಲ್ಲಿ ಮಾಡಿ 3ಡಿ ಪ್ರಿಂಟ್ ತೆಗೆದದ್ದು ಅಂತ ಗೊತ್ತಾದ ಕೂಡಲೇ ಆ ಪ್ರಶ್ನೆ ಬರುತ್ತದೆ. ಕೆಳಗಿನ ಮನೆಯ ಧಾರವಾಡದ ಕಾಕಾ ಕೇಳಿದ್ದು ಹೀಗೆ: “ಎಲ್ಲಾ ಕಂಪ್ಯೂಟರ್ ಮಾಡತೈತಲ್ಲ ತಂಗಿ, ಮತ್ತ ನೀ ಏನ್ ಮಾಡ್ತಿ?”

ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದ.

ನಮ್ಮಪ್ಪ ಗದಗಿನವರು. ಜೋಶಿಯವರು ಹುಟ್ಟಿದ್ದು ಅಲ್ಲೇ ಹತ್ತಿರದ ರೋಣದಲ್ಲಿ, 1922ರಲ್ಲಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತು, ಆಮೇಲೆ ಪುಣೆಯವರಾದರು. ಗುರುವಿನ ಹೆಸರಿನಲ್ಲಿ ಇಲ್ಲಿ 1953ರಲ್ಲಿ ಶುರುವಾದ ಸಂಗೀತೋತ್ಸವ ಇವತ್ತಿಗೂ ನಡೆಯುತ್ತಿದೆ. ಅವರು ಹಾಡುವಾಗಿನ ಮುಖ ನೋಡಿದ್ದೀರಲ್ವಾ? ಹುಬ್ಬು ಮೇಲೆ, ಕಣ್ಣು ಮುಚ್ಚಿ, ಬಾಯಿ ಒಂದು ಕಡೆಗೆ ತೆರೆದು, ಸ್ವರವನ್ನು ಹೊಟ್ಟೆಯಿಂದ ಎಳೆದು ತರುವ ಹಾಗೆ. ನನಗೆ ಬೇಕಾಗಿದ್ದದ್ದು ಆ ಮುಖವೇ.

ಕಂಪ್ಯೂಟರಿನಲ್ಲೂ ಮುಖ ತಾನಾಗಿ ಬರುವುದಿಲ್ಲ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಒಂದು ಉಂಡೆಯಿಂದ ಶುರು ಮಾಡಿ, ಫೋಟೋ ನೋಡಿ ನೋಡಿ ತಿದ್ದಬೇಕು. ಆದರೆ ನಿಜವಾದ ತೊಂದರೆ ಶುರುವಾಗುವುದು ಪ್ರಿಂಟ್ ಕೈಗೆ ಬಂದ ಮೇಲೆ. ಪರದೆಯ ಮೇಲೆ ಆ ಮುಖ ಕುಂಬಳಕಾಯಿಯಷ್ಟು ದೊಡ್ಡದು. ಒಂದೊಂದು ಸುಕ್ಕೂ ಕಾಣುತ್ತದೆ. ಅದೇ 12 ಸೆಂಟಿಮೀಟರಿಗೆ ಇಳಿದಾಗ ಕಣ್ಣಿನ ಅಗಲ ಏಳು ಮಿಲಿಮೀಟರ್, ರೆಪ್ಪೆಯ ದಪ್ಪ ಅರ್ಧ ಮಿಲಿಮೀಟರ್ ಅಷ್ಟೇ. ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಒಂದು ಪದರ ಬಿದ್ದರೆ ಅರ್ಧ ಗೆರೆ ಮುಚ್ಚಿಹೋಗುತ್ತದೆ. ಅಳತೆ ಎಲ್ಲ ಸರಿಯಾಗಿದ್ದರೂ ಮುಖ ನಿದ್ದೆಯಲ್ಲಿ ಇರುವವರದ್ದರಂತೆ ಕಂಡಿತು.

ಹಾಗಾಗಿ ನಿಜಕ್ಕಿಂತ ಆಳವಾಗಿ ಕೆತ್ತಬೇಕು. ಚಿಕ್ಕ ಪ್ರತಿಮೆಯಲ್ಲಿ ನಾವು ನೋಡುವುದು ಗೆರೆಯನ್ನಲ್ಲ, ಗೆರೆಯಲ್ಲಿ ಬಿದ್ದ ನೆರಳನ್ನು. ರೆಪ್ಪೆಯ ಕೆಳಗೆ, ಮೂಗಿನ ಪಕ್ಕ, ತುಟಿಯ ಮೂಲೆಯಲ್ಲಿ ಸೂಜಿ ಮೊನೆಯಿಂದ ಕೊರೆದೆ. ಹುಬ್ಬಿಗೆ ಮೇಣ ಹಚ್ಚಿ ಎತ್ತರಿಸಿದೆ. ಕಿಟಕಿಯ ಪಕ್ಕ ಇಟ್ಟು ನೋಡುವುದು, ಮತ್ತೆ ತಿದ್ದುವುದು. ಇದಕ್ಕೇ ಹತ್ತು ಸಂಜೆ ಹೋಯಿತು.

ಯಂತ್ರ ಪ್ರತಿಮೆಯನ್ನು ಪದರ ಪದರವಾಗಿ ಕಟ್ಟುತ್ತದೆ. ಆ ಪದರದ ಗೆರೆಗಳನ್ನು ಉಜ್ಜುವುದು ಬೇರೆ. ಒಂದೊಂದು ಪದರ 0.05 ಮಿಲಿಮೀಟರ್ ಅಂದರೆ ಇಷ್ಟೆತ್ತರಕ್ಕೆ 2400 ಪದರ. ಕೆನ್ನೆ, ಹಣೆಗೆ 400ರ ಪಾಲಿಶ್ ಪೇಪರ್, ಆಮೇಲೆ 600, ನೀರು ಹಚ್ಚಿಕೊಂಡು. ಕೂದಲನ್ನು ಮುಟ್ಟಲೇಬೇಡಿ.

ಇನ್ನು ಅಚ್ಚು. ತಿದ್ದಿದ ಪ್ರತಿಮೆಯ ಸುತ್ತ ರಬ್ಬರಿನಂಥ ಸಿಲಿಕೋನ್ ಸುರಿದು ಅಚ್ಚು ಮಾಡಿ, ಅದರಲ್ಲಿ ಎರಕ ಹೊಯ್ದು ಪ್ರತಿಗಳನ್ನು ತೆಗೆಯುವುದು. ಮೊದಲ ಸಲ ನಾನು ಪ್ಲಾಟಿನಂ ಸಿಲಿಕೋನ್ ಎಂಬ ಬಗೆಯನ್ನು ಸುರಿದೆ. ಮಾರನೇ ದಿನ ತೆಗೆದರೆ ಹೊರಗೆಲ್ಲ ಗಟ್ಟಿ, ಮುಖಕ್ಕೆ ತಾಗಿದ ಕಡೆ ಮಾತ್ರ ಜೇನಿನ ಹಾಗೆ ಅಂಟು. ಆವತ್ತು ಅತ್ತೇ ಬಿಟ್ಟೆ. ಪ್ರಿಂಟಿಗೆ ಬಳಸುವ ದ್ರವ ಪ್ಲಾಸ್ಟಿಕ್, ಅಂದರೆ ರೆಸಿನ್, ಪೂರ್ತಿ ಗಟ್ಟಿಯಾಗದೆ ಉಳಿದರೆ ಅದು ಈ ಸಿಲಿಕೋನ್ ಗಟ್ಟಿಯಾಗಲು ಬಿಡುವುದಿಲ್ಲ. ಆಲ್ಕೋಹಾಲಿನಲ್ಲಿ ತೊಳೆದು, ಯುವಿ ದೀಪದ ಕೆಳಗೆ ಇಟ್ಟು, ಮೇಲೆ ಅಕ್ರಿಲಿಕ್ ಲ್ಯಾಕರ್ ಹೊಡೆಯಬೇಕು. ಈಗ ನಾನು ಬಳಸುವುದು ಟಿನ್ ಸಿಲಿಕೋನ್. ಅದು ಕ್ರಮೇಣ ಚೂರು ಕುಗ್ಗುತ್ತದೆ, ಆದರೆ ಇಂಥ ರೆಸಿನ್ನಿನ ಜೊತೆ ಜಗಳವಾಡುವುದಿಲ್ಲ.

ತೆರೆದ ಬಾಯಿ ಇನ್ನೊಂದು ಪರೀಕ್ಷೆ. ಸಿಲಿಕೋನ್ ಒಳಗೆ ಹೋಗಿ ನಾಲಿಗೆಯ ಹಾಗೆ ನಿಲ್ಲುತ್ತದೆ. ಅದರ ಬುಡ ತೆಳ್ಳಗಿದ್ದರೆ ಎರಡನೇ ಎರಕಕ್ಕೇ ಹರಿಯುತ್ತದೆ. ಬಾಯಿಯ ಆಳಕ್ಕೆ ಮೇಣ ತುಂಬಿ, ತುಟಿಯ ಅಂಚಿನಲ್ಲಿ ಮಾತ್ರ ನೆರಳು ಉಳಿಸಿದೆ. ಆಮೇಲೆ ಪ್ರತಿಮೆಯನ್ನು ಮಲಗಿಸಿ, ಗಣಪತಿಗೆ ಬಳಸುವ ಶಾಡೂ ಮಣ್ಣನ್ನು ಸುತ್ತ ಕಿವಿಯ ಹಿಂದಿನವರೆಗೆ ಕಟ್ಟಿದೆ. ಎರಡು ಅರ್ಧಗಳು ಕೂಡುವ ಗೆರೆ ಮುಖದ ಮೇಲೆ ಬರಬಾರದು. ಮಣ್ಣಿನಲ್ಲಿ ಬ್ರಷ್ಷಿನ ಹಿಂಬದಿಯಿಂದ ಗುಳಿ ಒತ್ತಿದರೆ ಅರ್ಧಗಳು ಆಮೇಲೆ ಜಾರದೆ ಕೂರುತ್ತವೆ. ಮುಖಕ್ಕೆ ಮೊದಲು ಬ್ರಷ್ಷಿನಿಂದ ಸಿಲಿಕೋನ್ ಹಚ್ಚಿ, ಉಳಿದದ್ದನ್ನು ಒಂದು ಮೂಲೆಗೆ, ಎತ್ತರದಿಂದ, ದಾರದಷ್ಟು ಸಣ್ಣಗೆ ಸುರಿಯಬೇಕು. ಹಾಗೆ ಸುರಿದರೆ ಗುಳ್ಳೆ ಒಡೆಯುತ್ತದೆ. ಅದು ಗಟ್ಟಿಯಾದ ಮೇಲೆ ಮಣ್ಣು ತೆಗೆದು ಇನ್ನೊಂದು ಬದಿಗೆ ಸುರಿಯುವುದು. ಎರಡನೇ ಅರ್ಧ ಸುರಿಯುವ ಮುಂಚೆ ಮೊದಲನೆಯದಕ್ಕೆ ವ್ಯಾಸಲೀನ್ ಹಚ್ಚುವುದನ್ನು ಮರೆತರೆ ಎರಡೂ ಸೇರಿ ಒಂದೇ ಮುದ್ದೆಯಾಗುತ್ತದೆ.

ಎರಕ ಹೊಯ್ಯುವಾಗ ಅಚ್ಚು ತಲೆಕೆಳಗೆ ಇರುತ್ತದೆ. ಗಾಳಿ ಸಿಕ್ಕಿಕೊಳ್ಳುವುದು ಗದ್ದದ ತುದಿಯಲ್ಲಿ, ಮೂಗಿನ ಹೊಳ್ಳೆಯ ಹತ್ತಿರ. ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಅರ್ಧ ತುಂಬಿದ ಮೇಲೆ ಓರೆ ಮಾಡಿ ತಟ್ಟುತ್ತೇನೆ. ಪುಣೆಯ ಮಳೆಗಾಲದಲ್ಲಿ ಎರಕಕ್ಕೆ ಪಾಲಿಯುರೆಥೇನ್ ರೆಸಿನ್ ಮುಟ್ಟುವುದಿಲ್ಲ. ತೇವ ಸೇರಿದರೆ ಒಳಗೆ ನೊರೆ ಬರುತ್ತದೆ. ಆಗ ಪಿಓಪಿಯೇ (ಪ್ಲಾಸ್ಟರ್ ಆಫ್ ಪ್ಯಾರಿಸ್). ಒಣಗಲು ದಿನ ಜಾಸ್ತಿ ಬೇಕು ಅಷ್ಟೇ.

ಕಾಕಾಗೆ ಇದನ್ನೆಲ್ಲ ಹೇಳಿದ ಮೇಲೆ ಎರಡು ತಲೆ ಪಕ್ಕಪಕ್ಕ ಇಟ್ಟು ತೋರಿಸಿದೆ. ಒಂದು ಯಂತ್ರದಿಂದ ಬಂದ ಹಾಗೇ ಇರುವುದು, ಇನ್ನೊಂದು ಎರಕದ್ದು. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

ಅಚ್ಚು ಸವೆದರೆ ಮತ್ತೊಂದು ಮಾಡಬೇಕು. ಅದಕ್ಕೇ ತಿದ್ದಿದ ಮೂಲ ಪ್ರತಿಯನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ. ಫೈಲ್ ಇದೆ, ಯಾವಾಗ ಬೇಕಾದರೂ ಪ್ರಿಂಟ್ ತೆಗೆಯಬಹುದು. ಆದರೆ ಆ ಹುಬ್ಬು, ಆ ರೆಪ್ಪೆ ಫೈಲಿನಲ್ಲಿ ಇಲ್ಲ.