ಅಕ್ಕನ ಅಂಜೂರದ ಜಾಮ್

ಆಗಸ್ಟ್ 24, 2025, ಭಾನುವಾರ

ಸಂಜೆ ಅಕ್ಕ ಫೋನ್ ಮಾಡಿದ್ಲು. ಅಂಜೂರದ ಜಾಮ್ ಮೇಲೆ ಬೂಷ್ಟು ಬಂದಿದೆ, ಕಾಸಿನಗಲ ಅಷ್ಟೆ, ಅದೊಂದನ್ನ ತೆಗೆದು ಎಸೆದ್ರೆ ಕೆಳಗಿಂದು ಚೆನ್ನಾಗೇ ಇದೆಯಲ್ಲ ಅಂತ. ಬೇಡ ಅಕ್ಕ, ಬಾಟ್ಲಿ ಪೂರ್ತಿ ಚೆಲ್ಲಿಬಿಡು ಅಂದೆ.

"ಅಷ್ಟೊಂದು ಹಣ್ಣು ಕಣೇ, ಬಿಡಿಸಿ ಬಿಡಿಸಿ ಅದರ ಹಾಲು ತಾಗಿ ಬೆರಳೆಲ್ಲ ಕಡಿತ ಬಂದಿತ್ತು" ಅನ್ನುವಾಗ ಅವಳ ದನಿ ಸಣ್ಣಗಾಯ್ತು. ನಂಗೂ ಹೊಟ್ಟೆ ಉರೀತು, ಆದ್ರೆ ಬೂಷ್ಟು ಅಂದ್ರೆ ಮೇಲೆ ಕಂಡಷ್ಟೇ ಅಲ್ಲ, ಅದರ ಎಳೆ ಒಳಗೆ ಇಳಿದಿರುತ್ತೆ, ಕೆಲವು ಬೂಷ್ಟು ವಿಷಾನೂ ಬಿಡುತ್ವೆ, ಮತ್ತೆ ಕುದಿಸಿದ್ರೂ ಅದು ಹೋಗುತ್ತೆ ಅನ್ನೋ ಹಾಗಿಲ್ಲ.

ಸಕ್ಕರೆ ಎಷ್ಟು ಹಾಕಿದ್ದೆ ಅಂತ ಕೇಳಿದ್ರೆ ಹಣ್ಣಿನ ಕಾಲುಭಾಗ ಅಂದ್ಲು, ಅಪ್ಪನ ಶುಗರ್‌ಗೋಸ್ಕರ. ಅಲ್ಲೇ ಇರೋದು ವಿಷಯ. ಜಾಮ್‌ನಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಹಣ್ಣಿನ ನೀರನ್ನ ಬೂಷ್ಟಿಗೆ ಸಿಗದ ಹಾಗೆ ಹಿಡಿದಿಡೋದೂ ಅದೇ. ಕಮ್ಮಿ ಹಾಕು, ಬೇಡ ಅನ್ನಲ್ಲ, ಆದ್ರೆ ಅಂಥ ಜಾಮ್ ಕಪಾಟಿಗಲ್ಲ. ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಒಂದು ಫ್ರಿಜ್‌ನಲ್ಲಿ, ಮಿಕ್ಕಿದ್ದು ಫ್ರೀಜರ್‌ನಲ್ಲಿ ಇಡ್ಬೇಕು, ಗಟ್ಟಿಯಾಗುವಾಗ ಉಬ್ಬುತ್ತಲ್ಲ, ಅದಕ್ಕೆ ಮೇಲೆ ಸ್ವಲ್ಪ ಜಾಗ ಬಿಟ್ಟು. ಚಮಚ ಒಣಗಿರಲೇಬೇಕು.

ನಿಂಬೆರಸ ಹಾಕಿದ್ಯಾ ಅಂತ ಕೇಳ್ದೆ. "ಸಿಹಿ ಹಣ್ಣಿಗೆ ಹುಳಿ ಯಾಕೆ ಹಿಂಡಲಿ" ಅಂದ್ಲು. ಬೂಷ್ಟಾದ್ರೆ ಕಣ್ಣಿಗೆ ಕಾಣುತ್ತೆ, ನನ್ನ ಎದೆ ಧಸಕ್ ಅಂದಿದ್ದು ಇದಕ್ಕೆ. ಅಂಜೂರದಲ್ಲಿ ಹುಳಿ ಕಮ್ಮಿ, ಪಿಎಚ್ ಅಂದ್ರೆ ಹುಳಿ ಅಳೆಯೋ ಅಂಕಿ, ಹುಳಿ ಕಮ್ಮಿ ಆದಷ್ಟೂ ಏರುತ್ತೆ, ಅದು 4.6 ದಾಟಬಹುದು, ಅಂಥ ಜಾಮ್ ಸೀಲ್ ಮಾಡಿ ಹೊರಗಿಟ್ರೆ ಬೊಟುಲಿಸಂ ಅನ್ನೋ ಜೀವಕ್ಕೇ ಅಪಾಯದ ವಿಷಬಾಧೆ ತರೋ ಬ್ಯಾಕ್ಟೀರಿಯಾ ಬೆಳೆಯೋಕೆ ದಾರಿ, ರುಚಿ ವಾಸನೆಲಿ ಗೊತ್ತೇ ಆಗ್ದೆ ಇರಬಹುದು. ನಿಂಬೆ ಹಿಂಡಿದ್ರೆ ಆ ಭಯ ಇಳಿಯುತ್ತೆ, ಜಾಮ್ ಹದವಾಗಿ ಕೂರೋಕೂ ಅದೇ ಸಹಾಯ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿಬಿಟ್ಟೆ, ಪಾಪ ಅವಳು ಸುಮ್ನೆ ಕೇಳಿಸ್ಕೊಂಡ್ಲು.

ಆಮೇಲೆ ಅವಳೇ ನಗ್ತಾ, ಅಪ್ಪ ಬೂಷ್ಟು ಬರೋಕೆ ಮುಂಚೆನೇ ಅರ್ಧ ಬಾಟ್ಲಿ ಖಾಲಿ ಮಾಡಿದ್ರು ಕಣೇ, ಉಪ್ಪುಪ್ಪು ಚೀಸ್ ಮೇಲೆ ಸವರ್ಕೊಂಡು, ಗಟ್ಟಿ ಮೊಸರಿಗೆ ಕಲಸ್ಕೊಂಡು, ಬೀಜ ಕರಕರ ಅನ್ನುತ್ತೆ ಅಂತ ಖುಷಿ ಪಟ್ಕೊಂಡು ಅಂದ್ಲು. ಎಷ್ಟು ದಿನ ಆಗಿತ್ತು ಅಪ್ಪ ಏನನ್ನಾದ್ರೂ ಕೇಳಿ ತಿಂದು.

ಫೋನ್ ಇಟ್ಟ ಮೇಲೆ ಹೊಳೀತು, ಪಕ್ಕದ ಮನೆಯವರಿಗೂ ಒಂದು ಬಾಟ್ಲಿ ಕೊಟ್ಟಿದೀನಿ ಅಂದಿದ್ಲಲ್ಲ ಹೋದ ವಾರ, ಅವರದ್ದೂ ಕಪಾಟಲ್ಲೇ ಇದ್ರೆ? ತಿರುಗಿ ಮಾಡಿದ್ರೆ ಎಂಗೇಜ್, ಮತ್ತೆ ಮಾಡ್ತಾನೇ ಇದೀನಿ, ಮೆಸೇಜೂ ಹಾಕಿದೀನಿ, ಇನ್ನೂ ನೋಡಿಲ್ಲ ಅವಳು